ಒಂದು ಸರ್ವರ್, ಎರಡು ಆ್ಯಪ್: ಎಂಜಿನ್‌ಎಕ್ಸ್ ರಿವರ್ಸ್ ಪ್ರಾಕ್ಸಿಯನ್ನು ಒಳಗಿನಿಂದ ಹೊರಗೆ ಕಟ್ಟುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆ ಈಗ ಸಣ್ಣ ಸಣ್ಣ ವೆಬ್ ಆ್ಯಪ್‌ಗಳು ಜಾಸ್ತಿ ಆಗಿವೆ. ಹೋಂಸ್ಟೇ ಬುಕಿಂಗ್‌ಗೆ ಒಂದು, ಕಾಫಿ ತೋಟದ ಹಾಜರಿಗೆ ಒಂದು, ಅಂಗಡಿ ಬಿಲ್ಲಿಗೆ ಇನ್ನೊಂದು. ಬರೆದ ಹುಡುಗರು ಚೆನ್ನಾಗಿಯೇ ಬರೆದಿರುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಸರ್ವರ್‌ಗೆ ಹಾಕಿದ ದಿನ ಮಾತ್ರ ಅದೇ ಪ್ರಶ್ನೆ ಬರುತ್ತದೆ: "ಎಂಜಿನ್‌ಎಕ್ಸ್ ಹಾಕಿದೆ, ಕಾನ್ಫಿಗ್ ಕಾಪಿ ಮಾಡಿದೆ, ಆದರೂ 502 ಬರ್ತಿದೆ. ಏನು ಮಾಡಲಿ?"

ಎಂಜಿನ್‌ಎಕ್ಸ್ (ಇಂಗ್ಲಿಷ್‌ನಲ್ಲಿ nginx) ಅಂದರೆ ಆ್ಯಪ್‌ನ ಮುಂದೆ ನಿಂತು ಹೊರಗಿನವರ ಕೋರಿಕೆ ತೆಗೆದುಕೊಳ್ಳುವ ವೆಬ್ ಸರ್ವರ್. ಹಿಂದಿರುವ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗದಿದ್ದರೆ ಅದು 502 ತೋರಿಸುತ್ತದೆ. ಹೆಚ್ಚಿನ ಸಲ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗ್ ಫೈಲ್‌ನಲ್ಲಿ, ತಪ್ಪೇ ಇರುವುದಿಲ್ಲ. ತಪ್ಪು ಇರುವುದು ಕ್ರಮದಲ್ಲಿ. ಆ್ಯಪ್, ಡೊಮೈನ್, ಫೈರ್‌ವಾಲ್, ಎಂಜಿನ್‌ಎಕ್ಸ್, ಸರ್ಟಿಫಿಕೇಟ್ ಎಲ್ಲವನ್ನೂ ಒಂದೇ ಏಟಿಗೆ ಹಾಕಿ ಕೊನೆಗೆ ಬ್ರೌಸರ್ ತೆರೆಯುತ್ತಾರೆ. ಬರಲಿಲ್ಲ ಅಂದರೆ ಕೆಟ್ಟಿರುವುದು ಯಾವುದು ಎಂದು ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ತಿದ್ದುತ್ತಾ ಹೋದರೆ ಸರಿ ಇದ್ದದ್ದೂ ಕೆಡುತ್ತದೆ. ಆದ್ದರಿಂದ ಒಳಗಿನಿಂದ ಹೊರಗೆ ಬನ್ನಿ. ಒಂದು ಪದರ ಸರಿ ಇದೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಮುಂದಿನದಕ್ಕೆ ಕೈ ಹಾಕಿ.

ಉದಾಹರಣೆಗೆ ಉಬುಂಟು ಇರುವ ಒಂದು ಸಣ್ಣ ಕ್ಲೌಡ್ ಮೆಷಿನ್ ತೆಗೆದುಕೊಳ್ಳೋಣ. ಅದರಲ್ಲಿ ಎರಡು ಆ್ಯಪ್. ಮುಳ್ಳಯ್ಯನಗಿರಿ ದಾರಿಯ ಹೋಂಸ್ಟೇಯ ಬುಕಿಂಗ್ ಆ್ಯಪ್ ನೋಡ್‌ಜೆಎಸ್‌ನಲ್ಲಿದೆ, ಪೋರ್ಟ್ (ಸಂಖ್ಯೆಯಿಂದ ಗುರುತಿಸುವ ಬಾಗಿಲು) 3000. ಮೂಡಿಗೆರೆ ಕಡೆಯ ತೋಟದ ಹಾಜರಿ ಆ್ಯಪ್ ಪೈಥಾನ್‌ನ ಜ್ಯಾಂಗೋದಲ್ಲಿದೆ, ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್ ಮೇಲೆ ಪೋರ್ಟ್ 8000ರಲ್ಲಿ ಓಡುತ್ತದೆ. ಹೊರಗಿನವರು 80 ಮತ್ತು 443ನೇ ಪೋರ್ಟ್‌ಗೆ ಬಂದು ಎಂಜಿನ್‌ಎಕ್ಸ್ ಅನ್ನು ಕಾಣುತ್ತಾರೆ. ಕೇಳಿದ ಡೊಮೈನ್ ನೋಡಿ ಅದು ಸರಿಯಾದ ಆ್ಯಪ್‌ಗೆ ಕಳಿಸುತ್ತದೆ. ರಿವರ್ಸ್ ಪ್ರಾಕ್ಸಿ ಅಂದರೆ ಇಷ್ಟೇ.

ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಅಂಡರ್‌ಸ್ಕೋರ್, ಅಡ್ಡಗೆರೆ, ಸೆಮಿಕೋಲನ್ ಇಲ್ಲಿ ಇರುವಂತೆಯೇ ಇರಲಿ.

ಶುರುಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಸರ್ವರ್‌ಗೆ ಎಸ್‌ಎಸ್‌ಎಚ್ ಪ್ರವೇಶ (ದೂರದಿಂದ ಟರ್ಮಿನಲ್ ತೆರೆಯುವ ದಾರಿ), ಸುಡೋ (ಆಡಳಿತಗಾರನ) ಅಧಿಕಾರ, ಡೊಮೈನ್‌ನ ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಪಟ್ಟಿ) ಬದಲಿಸುವ ಪಾಸ್‌ವರ್ಡ್. ಈ ಮೂರನೆಯದು ಎಷ್ಟೋ ಸಲ ಡೊಮೈನ್ ಕೊಂಡುಕೊಟ್ಟವರ ಹತ್ತಿರವೇ ಉಳಿದಿರುತ್ತದೆ. ಕೆಲಸ ಶುರುವಾಗುವ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.

ಸಲಕರಣೆ ಅಂದರೆ ಕರ್ಲ್ (ಟರ್ಮಿನಲ್‌ನಿಂದ ಪುಟ ಕೇಳಲು), ಎಸ್‌ಎಸ್ (ತೆರೆದ ಪೋರ್ಟ್ ನೋಡಲು), ಡಿಗ್ (ಡಿಎನ್‌ಎಸ್ ನೋಡಲು), ಒಂದು ಟೆಕ್ಸ್ಟ್ ಎಡಿಟರ್. ಎರಡು ಟರ್ಮಿನಲ್ ಕಿಟಕಿ ತೆರೆದಿಡಿ. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ಲಾಗ್. ಲಾಗ್ ನೋಡದೆ ರಿವರ್ಸ್ ಪ್ರಾಕ್ಸಿ ಕೆಲಸಕ್ಕೆ ಕೂರಬೇಡಿ. ಸುಮ್ನೆ ಊಹೆ ಮಾಡುತ್ತಾ ಸಂಜೆಯಾಗುತ್ತದೆ.

ಹಂತ 1: ಆ್ಯಪ್ ಒಂದೇ ನೆಟ್ಟಗೆ ಓಡಲಿ

ಎಂಜಿನ್‌ಎಕ್ಸ್ ಅನ್ನು ಈಗ ಮುಟ್ಟಬೇಡಿ. ಆ್ಯಪ್ ಚಾಲೂ ಮಾಡಿ, ಅದೇ ಸರ್ವರ್‌ನ ಒಳಗಿನಿಂದ ಕೇಳಿ:

ಕರ್ಲ್ -ವಿ ಎಚ್‌ಟಿಟಿಪಿ://127.0.0.1:3000

127.0.0.1 ಅಂದರೆ ಆ ಮೆಷಿನ್‌ನ ಒಳಗಿನದೇ ವಿಳಾಸ. ಪುಟದ ಎಚ್‌ಟಿಎಂಎಲ್ ಬಂದರೆ ಸರಿ. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ ಎಂದರ್ಥ. ಈ ಹಂತದಲ್ಲಿ ಬಾರದ ಆ್ಯಪ್ ಎಂಜಿನ್‌ಎಕ್ಸ್ ಹಾಕಿದ ಮೇಲೂ ಬರುವುದಿಲ್ಲ. ಆಗ ಅದನ್ನೇ 502 ಎಂದು ನೋಡುತ್ತೀರಿ, ಅಷ್ಟೇ ವ್ಯತ್ಯಾಸ.

ಆಮೇಲೆ ‘ಸುಡೋ ಎಸ್‌ಎಸ್ -ಟಿಎಲ್‌ಎನ್‌ಪಿ’ ಹೊಡೆಯಿರಿ. ಯಾವ ಪ್ರೋಗ್ರಾಂ ಯಾವ ವಿಳಾಸದಲ್ಲಿ ಕಾಯುತ್ತಿದೆ ಎಂದು ತೋರಿಸುತ್ತದೆ. ನಿಮಗೆ ಕಾಣಬೇಕಾದದ್ದು 127.0.0.1:3000. ಅಲ್ಲಿ 0.0.0.0:3000 ಅಥವಾ ನಕ್ಷತ್ರದ ಗುರುತು ಕಂಡರೆ ಆ್ಯಪ್ ಹೊರಲೋಕಕ್ಕೆಲ್ಲ ಬಾಗಿಲು ತೆರೆದುಕೊಂಡು ಕೂತಿದೆ. ಎಂಜಿನ್‌ಎಕ್ಸ್‌ನಲ್ಲಿ ನೀವು ಎಷ್ಟೇ ಬಿಗಿ ಮಾಡಿದರೂ ಪೋರ್ಟ್ ಸಂಖ್ಯೆ ಗೊತ್ತಿದ್ದವರು ನೇರವಾಗಿ ಒಳಗೆ ಬರುತ್ತಾರೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲೇ ಹೋಸ್ಟ್ 127.0.0.1 ಎಂದು ಬದಲಿಸಿ.

ಆ್ಯಪ್ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್ ಬಳಸುವವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. 3000:3000 ಎಂದು ಪೋರ್ಟ್ ಕೊಟ್ಟರೆ ಡಾಕರ್ ತನ್ನದೇ ಫೈರ್‌ವಾಲ್ ನಿಯಮ ಬರೆಯುತ್ತದೆ. ಉಬುಂಟುವಿನ ಫೈರ್‌ವಾಲ್ ಸಲಕರಣೆಯಾದ ಯುಎಫ್‌ಡಬ್ಲ್ಯೂನಲ್ಲಿ ನೀವು ಮುಚ್ಚಿದ್ದರೂ ಆ ಪೋರ್ಟ್ ಹೊರಗೆ ತೆರೆದೇ ಇರುತ್ತದೆ. 127.0.0.1:3000:3000 ಎಂದು ಬರೆಯಿರಿ. ಎಂಜಿನ್‌ಎಕ್ಸ್ ಕೂಡ ಕಂಟೇನರ್ ಒಳಗಿದ್ದರೆ ಲೆಕ್ಕ ಬೇರೆ: ಅದಕ್ಕೆ 127.0.0.1 ಅಂದರೆ ತನ್ನದೇ ಕಂಟೇನರ್. ಆಗ ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕ್‌ಗೆ ಹಾಕಿ, ಕಂಟೇನರ್ ಹೆಸರಿನಿಂದ ಕರೆಯಬೇಕು. ಈ ಬರಹದಲ್ಲಿ ಎಂಜಿನ್‌ಎಕ್ಸ್ ನೇರವಾಗಿ ಸರ್ವರ್ ಮೇಲಿದೆ.

ಹಂತ ಮುಗಿಸುವ ಮೊದಲು ಆ್ಯಪ್ ಅನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಹಿನ್ನೆಲೆಯಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಿ. ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿದ ಆ್ಯಪ್ ಕಿಟಕಿ ಮುಚ್ಚಿದ ಕೂಡಲೇ ಸತ್ತು ಹೋಗುತ್ತದೆ. ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನ 502 ಎನ್ನುವ ದೂರುಗಳಲ್ಲಿ ಇದೇ ಕಾರಣ ಜಾಸ್ತಿ. ಸರ್ವಿಸ್ ಫೈಲ್‌ನಲ್ಲಿ ‘ರೀಸ್ಟಾರ್ಟ್=ಆಲ್ವೇಸ್’ ಇರಲಿ. ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್’ ಜೊತೆ ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಕೂಡ ಹೊಡೆಯಿರಿ. ಸ್ಟಾರ್ಟ್ ಈಗ ಓಡಿಸುತ್ತದೆ. ಎನೇಬಲ್ ಮಾಡಿದರೆ ಮೆಷಿನ್ ಮತ್ತೆ ಚಾಲೂ ಆದಾಗಲೂ ಓಡುತ್ತದೆ.

ಹಂತ 2: ಡೊಮೈನ್ ಮತ್ತು ಹೊರಬಾಗಿಲು

ಡಿಎನ್‌ಎಸ್‌ನಲ್ಲಿ ಬುಕಿಂಗ್ ಮತ್ತು ಹಾಜರಿ ಎಂಬ ಎರಡು ಸಬ್‌ಡೊಮೈನ್ ಮಾಡಿ, ಎರಡರ ‘ಎ’ ರೆಕಾರ್ಡನ್ನೂ ಸರ್ವರ್‌ನ ಐಪಿಗೆ ತೋರಿಸಿ. ಡಿಗ್ ಹೊಡೆದು ಅದೇ ಐಪಿ ಬರುತ್ತದಾ ನೋಡಿ. ಹಳೆಯ ‘ಎಎಎಎ’ ರೆಕಾರ್ಡ್ ಉಳಿದಿದ್ದರೆ ಅಳಿಸಿ ಅಥವಾ ಸರಿ ಮಾಡಿ. ಅದು ಐಪಿವಿ6 ವಿಳಾಸ. ನಿಮ್ಮ ಬ್ರೌಸರ್ ಐಪಿವಿ4ನಲ್ಲಿ ಹೋಗಿ ಎಲ್ಲ ಸರಿ ಕಾಣಿಸುತ್ತದೆ. ಮೊಬೈಲ್‌ನವರು ಐಪಿವಿ6ನಲ್ಲಿ ಹೋಗಿ ಬೇರೆಲ್ಲೋ ತಲುಪುತ್ತಾರೆ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಮೊದಲು ಐಪಿವಿ6ನಲ್ಲೇ ಪ್ರಯತ್ನಿಸುವುದರಿಂದ ಮುಂದೆ ಸರ್ಟಿಫಿಕೇಟ್ ಸಿಗದೆ ಒದ್ದಾಡಬೇಕಾಗುತ್ತದೆ.

ಫೈರ್‌ವಾಲ್‌ನಲ್ಲಿ ಮೊದಲು ಎಸ್‌ಎಸ್‌ಎಚ್‌ಗೆ ಅನುಮತಿ, ಆಮೇಲೆ 80 ಮತ್ತು 443, ಕೊನೆಗೆ ‘ಯುಎಫ್‌ಡಬ್ಲ್ಯೂ ಎನೇಬಲ್’. ಈ ಕ್ರಮ ತಪ್ಪಿದರೆ ನೀವೇ ಹೊರಗೆ ಉಳಿಯುತ್ತೀರಿ. 3000 ಮತ್ತು 8000 ಅನ್ನು ತೆರೆಯಲೇಬೇಡಿ. ಕ್ಲೌಡ್ ಕಂಪನಿಯ ವೆಬ್ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇರುತ್ತದೆ. ಅಲ್ಲೂ 80, 443 ತೆರೆದಿರಬೇಕು. ಹೊರಗಿನಿಂದ ಪುಟ ಸುಮ್ಮನೆ ತಿರುಗುತ್ತಾ ಇದ್ದು, ಕೊನೆಗೆ ಟೈಮ್‌ಔಟ್ ಆದರೆ ಫೈರ್‌ವಾಲ್ ಕಡೆ ನೋಡಿ. ತಕ್ಷಣ ‘ರೆಫ್ಯೂಸ್ಡ್’ ಬಂದರೆ ಹೆಚ್ಚಾಗಿ ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ.

ಮನೆಯಲ್ಲೋ ಆಫೀಸಿನಲ್ಲೋ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡುವವರು ರೌಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ಫೈಬರ್ ಲೈನ್ ಸಿಜಿನ್ಯಾಟ್ ಹಿಂದೆ ಇದೆ. ಒಂದೇ ಹೊರ ಐಪಿಯನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಹೊರಗಿನವರು ನಿಮ್ಮ ತನಕ ಬರಲಾರರು. ಲೈನ್ ಕೊಟ್ಟವರ ಹತ್ತಿರ ಪಬ್ಲಿಕ್ ಐಪಿ ಕೇಳಿ, ಇಲ್ಲವೇ ಸಣ್ಣ ಕ್ಲೌಡ್ ಮೆಷಿನ್ ತೆಗೆದುಕೊಳ್ಳಿ. ಮಲೆನಾಡಿನ ಮಳೆಗಾಲದ ಕರೆಂಟ್ ನೋಡಿದವನಾಗಿ ನಾನು ಎರಡನೆಯದನ್ನೇ ಹೇಳುತ್ತೇನೆ.

ಹಂತ 3: ಎಂಜಿನ್‌ಎಕ್ಸ್ ಹಾಕಿ, ಖಾಲಿ ಪುಟ ನೋಡಿ

‘ಸುಡೋ ಎಪಿಟಿ ಇನ್‌ಸ್ಟಾಲ್ ಎಂಜಿನ್‌ಎಕ್ಸ್’. ಬ್ರೌಸರ್‌ನಲ್ಲಿ ಡೊಮೈನ್ ತೆರೆಯಿರಿ. ‘ವೆಲ್ಕಮ್ ಟು ಎಂಜಿನ್‌ಎಕ್ಸ್’ ಎಂಬ ಪುಟ ಬರಬೇಕು. ಬಂದರೆ ಡಿಎನ್‌ಎಸ್, ಫೈರ್‌ವಾಲ್, ಎಂಜಿನ್‌ಎಕ್ಸ್ ಮೂರೂ ಸರಿ ಎಂದಾಯಿತು. ಬರದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ. ಬೇರೆ ಯಾರಾದರೂ ಪೋರ್ಟ್ 80 ಹಿಡಿದುಕೊಂಡಿದ್ದರೆ, ಹೆಚ್ಚಾಗಿ ಅದು ಅಪಾಚೆ, ಎಂಜಿನ್‌ಎಕ್ಸ್ ಏಳುವುದೇ ಇಲ್ಲ. ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಅದನ್ನೂ ಹೇಳುತ್ತದೆ.

ಹಂತ 4: ಮೊದಲ ಸರ್ವರ್ ಬ್ಲಾಕ್

‘/ಇಟಿಸಿ/ಎಂಜಿನ್‌ಎಕ್ಸ್/ಸೈಟ್ಸ್-ಅವೇಲಬಲ್’ ಫೋಲ್ಡರ್‌ನಲ್ಲಿ ‘ಬುಕಿಂಗ್’ ಎಂಬ ಫೈಲ್ ಮಾಡಿ. ಅದರಲ್ಲಿ ಇಷ್ಟು ಸಾಕು:

ಸರ್ವರ್ {
  ಲಿಸನ್ 80;
  ಲಿಸನ್ [::]:80;
  ಸರ್ವರ್_ನೇಮ್ ಬುಕಿಂಗ್.ನಿಮ್ಮಡೊಮೈನ್.ಇನ್;
  ಲೊಕೇಶನ್ / {
    ಇನ್‌ಕ್ಲೂಡ್ ಪ್ರಾಕ್ಸಿ_ಪ್ಯಾರಮ್ಸ್;
    ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://127.0.0.1:3000;
  }
}

ಲೋಕಲ್‌ಹೋಸ್ಟ್ ಎಂದು ಬರೆಯದೆ 127.0.0.1 ಎಂದೇ ಬರೆಯಿರಿ. ಲೋಕಲ್‌ಹೋಸ್ಟ್‌ಗೆ ಐಪಿವಿ6ನ ::1 ಎಂಬ ವಿಳಾಸವೂ ಇರುತ್ತದೆ. ಆ್ಯಪ್ ಅಲ್ಲಿ ಕಾಯುತ್ತಿರುವುದಿಲ್ಲ. ಎಂಜಿನ್‌ಎಕ್ಸ್ ಅಲ್ಲಿಗೂ ಹೋಗಿ ಬಾಗಿಲು ತಟ್ಟುತ್ತದೆ, ಲಾಗ್‌ನಲ್ಲಿ ‘ರೆಫ್ಯೂಸ್ಡ್’ ಎಂಬ ಸಾಲುಗಳು ಆಗಾಗ ಬೀಳುತ್ತಿರುತ್ತವೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಈ ಫೈಲ್‌ಗೆ ‘ಸೈಟ್ಸ್-ಎನೇಬಲ್ಡ್’ ಫೋಲ್ಡರ್‌ನಲ್ಲಿ ಲಿಂಕ್ ಹಾಕಬೇಕು. ‘ಎಲ್‌ಎನ್ -ಎಸ್’ ಹೊಡೆಯುವಾಗ ಎರಡೂ ಕಡೆ ಪೂರ್ತಿ ದಾರಿ ಕೊಡಿ. ಅರ್ಧ ದಾರಿ ಕೊಟ್ಟರೆ ಲಿಂಕ್ ಎಲ್ಲಿಗೂ ಹೋಗದೆ ಮುರಿದು ನಿಲ್ಲುತ್ತದೆ, ಎಂಜಿನ್‌ಎಕ್ಸ್ ಫೈಲ್ ಸಿಗಲಿಲ್ಲ ಎನ್ನುತ್ತದೆ.

ಈಗ ಎರಡು ಆದೇಶ, ಇದೇ ಕ್ರಮದಲ್ಲಿ. ಮೊದಲು ‘ಸುಡೋ ಎಂಜಿನ್‌ಎಕ್ಸ್ -ಟಿ’. ಇದು ಕಾನ್ಫಿಗ್ ಓದಿ ತಪ್ಪಿದ್ದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಸೆಮಿಕೋಲನ್ ಬಿಟ್ಟಿದ್ದರೆ ಸಾಮಾನ್ಯವಾಗಿ ಅದರ ಮುಂದಿನ ಸಾಲನ್ನು ತೋರಿಸುತ್ತದೆ, ಒಂದು ಸಾಲು ಮೇಲೂ ನೋಡಿ. ಎಲ್ಲ ಸರಿ ಅಂದ ಮೇಲೆ ‘ಸುಡೋ ಸಿಸ್ಟಮ್‌ಸಿಟಿಎಲ್ ರಿಲೋಡ್ ಎಂಜಿನ್‌ಎಕ್ಸ್’. ರೀಸ್ಟಾರ್ಟ್ ಬೇಡ. ರಿಲೋಡ್‌ನಲ್ಲಿ ಕಾನ್ಫಿಗ್ ಕೆಟ್ಟಿದ್ದರೆ ಹಳೆಯದೇ ಓಡುತ್ತಿರುತ್ತದೆ. ಕೆಟ್ಟ ಕಾನ್ಫಿಗ್ ಇಟ್ಟುಕೊಂಡು ರೀಸ್ಟಾರ್ಟ್ ಹೊಡೆದರೆ ಎಂಜಿನ್‌ಎಕ್ಸ್ ಮಲಗುತ್ತದೆ, ಆ ಸರ್ವರ್ ಮೇಲಿನ ಎಲ್ಲ ಸೈಟೂ ಒಟ್ಟಿಗೆ ಹೋಗುತ್ತವೆ.

ಬ್ರೌಸರ್‌ನಲ್ಲಿ ಇನ್ನೂ ‘ವೆಲ್ಕಮ್’ ಪುಟವೇ ಬರುತ್ತಿದ್ದರೆ ಸರ್ವರ್_ನೇಮ್ ಹೊಂದುತ್ತಿಲ್ಲ. ಯಾವ ಹೆಸರಿಗೂ ಹೊಂದದ ಕೋರಿಕೆಯನ್ನು ಎಂಜಿನ್‌ಎಕ್ಸ್ ಡೀಫಾಲ್ಟ್ ಬ್ಲಾಕ್‌ಗೆ ಕೊಡುತ್ತದೆ. ಅಕ್ಷರ ತಪ್ಪಿದೆಯಾ, ಲಿಂಕ್ ಹಾಕಿದ್ದೀರಾ, ರಿಲೋಡ್ ಮಾಡಿದ್ದೀರಾ, ಈ ಮೂರು ನೋಡಿ. ‘ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್’ ಎಂಬ ಎಚ್ಚರಿಕೆ ಕಂಡರೆ ಒಂದೇ ಹೆಸರು ಎರಡು ಫೈಲ್‌ನಲ್ಲಿದೆ. ಅದು ಬರೀ ಎಚ್ಚರಿಕೆ ಎಂದು ಬಿಡಬೇಡಿ. ಎರಡರಲ್ಲಿ ಒಂದನ್ನು ಎಂಜಿನ್‌ಎಕ್ಸ್ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಹಾಜರಿ ಆ್ಯಪ್‌ಗೂ ಇದೇ ಥರ ಇನ್ನೊಂದು ಫೈಲ್. ಬದಲಾಗುವುದು ಹೆಸರು ಮತ್ತು ಪೋರ್ಟ್ 8000 ಮಾತ್ರ.

ಹಂತ 5: ಹೆಡರ್‌ಗಳು. ಇಲ್ಲಿ ನಿಧಾನವಾಗಿ ಹೋಗಿ

ಪುಟ ಬಂತು ಎಂದು ಬಹಳ ಜನ ಇಲ್ಲೇ ಎದ್ದು ಹೋಗುತ್ತಾರೆ. ತೊಂದರೆ ಶುರುವಾಗುವುದು ವಾರದ ಮೇಲೆ.

ಎಂಜಿನ್‌ಎಕ್ಸ್ ನಡುವೆ ನಿಂತಾಗ ಆ್ಯಪ್‌ಗೆ ನಿಜವಾದ ಗ್ರಾಹಕರು ಕಾಣುವುದಿಲ್ಲ. ಅದರ ಪಾಲಿಗೆ ಪ್ರತಿ ಕೋರಿಕೆಯೂ 127.0.0.1ರಿಂದ, ಎಚ್‌ಟಿಟಿಪಿಯಲ್ಲಿ ಬಂದದ್ದು. ಹೆಡರ್ (ಕೋರಿಕೆಯ ಜೊತೆ ಹೋಗುವ ಮಾಹಿತಿಯ ಸಾಲು) ಹಾಕದಿದ್ದರೆ ಹೋಸ್ಟ್ ಹೆಸರು ಕೂಡ 127.0.0.1:3000 ಎಂದೇ ಹೋಗುತ್ತದೆ. ಇದರಿಂದ ಏನಾಗುತ್ತದೆ ನೋಡಿ. ಬೆಂಗಳೂರಿನವರು ಶನಿವಾರಕ್ಕೆ ರೂಮ್ ಬುಕ್ ಮಾಡುತ್ತಾರೆ. ದೃಢೀಕರಣದ ಇಮೇಲ್‌ನಲ್ಲಿ ಬುಕಿಂಗ್ ನೋಡುವ ಲಿಂಕ್ ಇರುತ್ತದೆ. ಆ ಲಿಂಕ್ 127.0.0.1:3000ಕ್ಕೆ ಹೋಗುತ್ತದೆ, ಅಂದರೆ ಅವರದೇ ಫೋನಿಗೆ. ಏನೂ ತೆರೆಯುವುದಿಲ್ಲ. ದುಡ್ಡು ಹೋಯಿತೇನೋ ಎಂದು ಹೆದರಿ ಹೋಂಸ್ಟೇಯವರಿಗೆ ಫೋನ್ ಮಾಡುತ್ತಾರೆ. ಲಾಗಿನ್ ಮಿತಿಯ ಕಥೆಯೂ ಹೀಗೆಯೇ. ಐದು ಸಲ ಪಾಸ್‌ವರ್ಡ್ ತಪ್ಪಿದರೆ ಆ ಐಪಿ ಬಂದ್ ಎಂದು ಆ್ಯಪ್‌ನಲ್ಲಿ ಬರೆದಿದ್ದರೆ, ಒಬ್ಬರು ತಪ್ಪಿದಾಗ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಆ್ಯಪ್‌ಗೆ ಎಲ್ಲರ ಐಪಿಯೂ ಒಂದೇ ಅಲ್ವಾ.

ಇದಕ್ಕೆ ನಾಲ್ಕು ಹೆಡರ್ ಬೇಕು: ಹೋಸ್ಟ್, ಎಕ್ಸ್-ರಿಯಲ್-ಐಪಿ, ಎಕ್ಸ್-ಫಾರ್ವರ್ಡೆಡ್-ಫಾರ್, ಎಕ್ಸ್-ಫಾರ್ವರ್ಡೆಡ್-ಪ್ರೋಟೋ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಈ ನಾಲ್ಕನ್ನೂ ಬರೆದಿಟ್ಟ ಫೈಲ್ ಮೊದಲೇ ಇರುತ್ತದೆ. ಹಂತ 4ರಲ್ಲಿ ಹಾಕಿದ ಪ್ರಾಕ್ಸಿ_ಪ್ಯಾರಮ್ಸ್ ಅದೇ. ಬೇರೆ ಲಿನಕ್ಸ್‌ನಲ್ಲಿ ಆ ಫೈಲ್ ಇಲ್ಲದಿದ್ದರೆ ನಾಲ್ಕು ಪ್ರಾಕ್ಸಿ_ಸೆಟ್_ಹೆಡರ್ ಸಾಲುಗಳನ್ನು ನೀವೇ ಬರೆಯಬೇಕು.

ಇಲ್ಲೊಂದು ಗುಂಡಿ ಇದೆ, ಅನುಭವ ಇದ್ದವರೂ ಬೀಳುತ್ತಾರೆ. ಪ್ರಾಕ್ಸಿ_ಸೆಟ್_ಹೆಡರ್ ಸಾಲುಗಳು ಮೇಲಿನ ಬ್ಲಾಕ್‌ನಿಂದ ಕೆಳಗಿನ ಬ್ಲಾಕ್‌ಗೆ ಇಳಿಯುವುದು ಒಂದು ಷರತ್ತಿನ ಮೇಲೆ: ಕೆಳಗಿನ ಬ್ಲಾಕ್‌ನಲ್ಲಿ ಅಂಥ ಒಂದೂ ಸಾಲು ಇರಬಾರದು. ಸರ್ವರ್ ಬ್ಲಾಕ್‌ನಲ್ಲಿ ನಾಲ್ಕು ಹೆಡರ್ ಬರೆದು, ಲೊಕೇಶನ್ ಒಳಗೆ ಐದನೆಯದನ್ನು ಸೇರಿಸಿದಿರಿ ಅಂದುಕೊಳ್ಳಿ. ಮೇಲಿನ ನಾಲ್ಕೂ ಅಲ್ಲಿಗೆ ಮಾಯ. ‘ಎಂಜಿನ್‌ಎಕ್ಸ್ -ಟಿ’ ಇದನ್ನು ಹೇಳುವುದಿಲ್ಲ, ಯಾಕೆಂದರೆ ಇದು ಬರವಣಿಗೆಯ ತಪ್ಪಲ್ಲ. ಆದ್ದರಿಂದ ಪ್ರತಿ ಲೊಕೇಶನ್ ಒಳಗೂ ಇನ್‌ಕ್ಲೂಡ್ ಸಾಲನ್ನು ಮತ್ತೆ ಬರೆಯಿರಿ. ಪುನರಾವರ್ತನೆ ಅನ್ನಿಸಿದರೂ ಪರವಾಗಿಲ್ಲ.

ಹಂತ 6: ಎಚ್‌ಟಿಟಿಪಿಎಸ್

ಪುಟ ಎಚ್‌ಟಿಟಿಪಿಯಲ್ಲಿ ಸರಿ ಬಂದ ಮೇಲೆ ಮಾತ್ರ ಇದಕ್ಕೆ ಬನ್ನಿ. ಸರ್ಟ್‌ಬಾಟ್ ಮತ್ತು ಅದರ ಎಂಜಿನ್‌ಎಕ್ಸ್ ಪ್ಲಗಿನ್ ಹಾಕಿ. ಆಮೇಲೆ ‘ಸುಡೋ ಸರ್ಟ್‌ಬಾಟ್ --ಎಂಜಿನ್‌ಎಕ್ಸ್ -ಡಿ’ ಮುಂದೆ ಡೊಮೈನ್ ಹೆಸರು. ಅದು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ತಂದು, ನಿಮ್ಮ ಫೈಲ್‌ನಲ್ಲಿ 443ರ ಸಾಲುಗಳನ್ನು ತಾನೇ ಬರೆಯುತ್ತದೆ. ಈ ಪರಿಶೀಲನೆ ಪೋರ್ಟ್ 80ರ ಮೂಲಕ ನಡೆಯುತ್ತದೆ. ಎಚ್‌ಟಿಟಿಪಿಎಸ್ ಇದೆಯಲ್ಲ ಎಂದು ಆಮೇಲೆ 80 ಮುಚ್ಚಿದರೆ ನವೀಕರಣ ನಿಂತು ಹೋಗುತ್ತದೆ.

ವಿಫಲವಾದರೆ ಮತ್ತೆ ಮತ್ತೆ ಅದೇ ಆದೇಶ ಹೊಡೆಯಬೇಡಿ. ಒಂದು ಗಂಟೆಯಲ್ಲಿ ಒಂದು ಹೆಸರಿಗೆ 5 ಸಲ ಪರಿಶೀಲನೆ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮನ್ನು ತಡೆಯುತ್ತದೆ. ‘ಸುಡೋ ಸರ್ಟ್‌ಬಾಟ್ ಸರ್ಟ್‌ಓನ್ಲಿ --ಎಂಜಿನ್‌ಎಕ್ಸ್ --ಡ್ರೈ-ರನ್ -ಡಿ’ ಮುಂದೆ ಡೊಮೈನ್ ಹೆಸರು ಕೊಟ್ಟು ಪರೀಕ್ಷಿಸಿ. ಅದು ಪರೀಕ್ಷಾ ಸರ್ವರ್‌ಗೆ ಹೋಗುತ್ತದೆ, ಮಿತಿ ಅಷ್ಟು ಬಿಗಿ ಇರುವುದಿಲ್ಲ.

ಸರ್ಟಿಫಿಕೇಟ್ 90 ದಿನದ್ದು. ಸರ್ಟ್‌ಬಾಟ್ ತಾನಾಗೇ ನವೀಕರಿಸುತ್ತದೆ, ಆದರೂ ‘ಸುಡೋ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್’ ಇವತ್ತೇ ಓಡಿಸಿ ನೋಡಿ. ಇದನ್ನು ನೋಡದೆ ಬಿಟ್ಟ ಸೈಟ್‌ಗಳಲ್ಲಿ ಮೂರು ತಿಂಗಳ ಮೇಲೆ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ.

ಹಂತ 7: ಆ್ಯಪ್‌ಗೂ ವಿಷಯ ತಿಳಿಸಿ

ಎಂಜಿನ್‌ಎಕ್ಸ್ ಹೆಡರ್ ಕಳಿಸಿದರೆ ಸಾಲದು. ಅದನ್ನು ನಂಬು ಎಂದು ಆ್ಯಪ್‌ಗೆ ಹೇಳಬೇಕು. ಹೇಳದಿದ್ದರೆ ಕಾಣುವ ಲಕ್ಷಣ ಒಂದು: ಬ್ರೌಸರ್ ‘ಟೂ ಮೆನಿ ರೀಡೈರೆಕ್ಟ್ಸ್’ ಎಂದು ಕೈಚೆಲ್ಲುತ್ತದೆ. ಆ್ಯಪ್ ‘ಇದು ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್‌ಗೆ ಹೋಗಿ’ ಎನ್ನುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ. ಎಂಜಿನ್‌ಎಕ್ಸ್ ಅದನ್ನು ಎಚ್‌ಟಿಟಿಪಿಯಲ್ಲಿ ಒಳಗೆ ಕೊಡುತ್ತದೆ. ಆ್ಯಪ್ ಮತ್ತೆ ಅದೇ ಮಾತು ಹೇಳುತ್ತದೆ.

ನೋಡ್‌ಜೆಎಸ್ ಆ್ಯಪ್ ಬರೆಯಲು ಬಳಸುವ ಎಕ್ಸ್‌ಪ್ರೆಸ್‌ನಲ್ಲಿ ‘ಟ್ರಸ್ಟ್ ಪ್ರಾಕ್ಸಿ’ ಸೆಟ್ಟಿಂಗ್‌ಗೆ 1 ಕೊಡಿ. ‘ಟ್ರೂ’ ಎಂದು ಕೊಡಬೇಡಿ. ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು ಹೊರಗಿನವರು ತಾವೇ ಬರೆದು ಕಳಿಸಬಹುದು. ಎಂಜಿನ್‌ಎಕ್ಸ್ ಅದನ್ನು ಅಳಿಸದೆ ಕೊನೆಗೆ ನಿಜವಾದ ಐಪಿ ಸೇರಿಸುತ್ತದೆ. ‘ಟ್ರೂ’ ಎಂದರೆ ಆ್ಯಪ್ ಮೊದಲ ಐಪಿಯನ್ನು, ಅಂದರೆ ಸುಳ್ಳು ಹೇಳಬಹುದಾದದ್ದನ್ನು ನಂಬುತ್ತದೆ. 1 ಎಂದರೆ ನಡುವೆ ಒಂದೇ ಪ್ರಾಕ್ಸಿ ಇದೆ ಎಂದು ತಿಳಿದು ಕೊನೆಯದನ್ನು ನೋಡುತ್ತದೆ.

ಜ್ಯಾಂಗೋದಲ್ಲಿ ಮೂರು ಸೆಟ್ಟಿಂಗ್: ಅಲೌಡ್_ಹೋಸ್ಟ್ಸ್‌ನಲ್ಲಿ ಡೊಮೈನ್, ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್, ಮತ್ತು ಸಿಎಸ್‌ಆರ್‌ಎಫ್_ಟ್ರಸ್ಟೆಡ್_ಒರಿಜಿನ್ಸ್. ಕೊನೆಯದರಲ್ಲಿ ಜ್ಯಾಂಗೋ 4.0ರಿಂದ ‘ಎಚ್‌ಟಿಟಿಪಿಎಸ್://’ ಸೇರಿಸಿಯೇ ಡೊಮೈನ್ ಬರೆಯಬೇಕು. ಪುಟ ಬರುತ್ತದೆ, ಲಾಗಿನ್ ಒತ್ತಿದರೆ 403 ಅನ್ನುತ್ತದೆ ಎಂದರೆ ಮೊದಲು ಇದನ್ನು ನೋಡಿ. 400 ಬಂದರೆ ಅಲೌಡ್_ಹೋಸ್ಟ್ಸ್ ನೋಡಿ. ಪೈಥಾನ್‌ನ ಫ್ಲಾಸ್ಕ್ ಬಳಸುವವರಿಗೆ ಇದೇ ಕೆಲಸಕ್ಕೆ ಪ್ರಾಕ್ಸಿಫಿಕ್ಸ್ ಇದೆ.

ಹಂತ 8: ಫೋಟೋ, ವರದಿ, ಚಾಟ್

ಕಾಫಿ ಹಣ್ಣು ಕೊಯ್ಲಿನ ದಿನಗಳು. ಸಂಜೆ ಕಣದ ಹತ್ತಿರ ತೂಕ ನಡೆಯುತ್ತಿರುತ್ತದೆ. ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬೊಬ್ಬರ ಕೆಜಿ ಬರೆದುಕೊಂಡು, ಚೀಟಿಯ ಫೋಟೋ ಹಿಡಿದು ಹಾಜರಿ ಆ್ಯಪ್‌ಗೆ ಕಳಿಸುತ್ತಾರೆ. ಫೋನಿನ ಫೋಟೋ 3-4 ಎಂಬಿ. ಎಂಜಿನ್‌ಎಕ್ಸ್ ಮೊದಲಿನಿಂದ ಒಪ್ಪುವುದು 1 ಎಂಬಿ ಮಾತ್ರ. 413 ಎಂದು ವಾಪಸ್ ಕಳಿಸುತ್ತದೆ. ಆ್ಯಪ್‌ಗೆ ಕೋರಿಕೆ ತಲುಪಿಯೇ ಇರುವುದಿಲ್ಲ, ಆದ್ದರಿಂದ ಆ್ಯಪ್ ಲಾಗ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಸರ್ವರ್ ಬ್ಲಾಕ್‌ನಲ್ಲಿ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ 10ಎಂ;’ ಎಂದು ಬರೆಯಿರಿ. 0 ಎಂದು ಬರೆದು ಮಿತಿಯನ್ನೇ ತೆಗೆಯಬೇಡಿ. ಯಾರು ಬೇಕಾದರೂ ಡಿಸ್ಕ್ ತುಂಬಿಸಬಹುದು.

ತೋಟದ ಒಳಗೆ ಸಿಗ್ನಲ್ ಒಂದು ಕಡ್ಡಿ ಇರುತ್ತದೆ, ಹೋಗುತ್ತದೆ. ಒಂದು ಫೋಟೋ ಏರಲು ನಿಮಿಷ ಹಿಡಿಯಬಹುದು. ಇಲ್ಲಿ ಎಂಜಿನ್‌ಎಕ್ಸ್ ದೊಡ್ಡ ಉಪಕಾರ ಮಾಡುತ್ತದೆ. ಫೋಟೋ ಪೂರ್ತಿ ಬರುವ ತನಕ ತಾನೇ ಹಿಡಿದಿಟ್ಟುಕೊಂಡು, ಆಮೇಲೆ ಒಂದೇ ಸಲ ಗುನಿಕಾರ್ನ್‌ಗೆ ಕೊಡುತ್ತದೆ. ನೇರವಾಗಿ ಕೊಟ್ಟಿದ್ದರೆ ನಾಲ್ಕು ತೋಟದ ನಾಲ್ಕು ನಿಧಾನ ಫೋನುಗಳು ಗುನಿಕಾರ್ನ್‌ನ ನಾಲ್ಕು ವರ್ಕರ್‌ಗಳನ್ನೂ (ಕೋರಿಕೆಗೆ ಉತ್ತರಿಸುವ ಪ್ರಕ್ರಿಯೆಗಳನ್ನು) ಹಿಡಿದು ಕೂರಿಸುತ್ತಿದ್ದವು, ಐದನೆಯವರಿಗೆ ಜಾಗವೇ ಇರುತ್ತಿರಲಿಲ್ಲ. ಪ್ರಾಕ್ಸಿ_ರಿಕ್ವೆಸ್ಟ್_ಬಫರಿಂಗ್ ಆಫ್ ಮಾಡಿ ವೇಗ ಹೆಚ್ಚಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಕಡೆಯ ಸಿಗ್ನಲ್‌ಗೆ ಅದು ಆನ್ ಇರಬೇಕು.

ಇನ್ನು ದೊಡ್ಡ ವರದಿ. ಸೀಸನ್ ಕೊನೆಯ ಕೂಲಿ ಲೆಕ್ಕ ತೆಗೆದರೆ ಒಂದು ನಿಮಿಷ ದಾಟಬಹುದು. ಎಂಜಿನ್‌ಎಕ್ಸ್ ಆ್ಯಪ್‌ನ ಉತ್ತರಕ್ಕೆ 60 ಸೆಕೆಂಡ್ ಕಾಯುತ್ತದೆ, ಆಮೇಲೆ 504. ಪ್ರಾಕ್ಸಿ_ರೀಡ್_ಟೈಮ್‌ಔಟ್ 120ಎಸ್ ಮಾಡಿದಿರಿ. ಆದರೂ 502 ಬರುತ್ತದೆ! ಗುನಿಕಾರ್ನ್‌ಗೆ ತನ್ನದೇ ಮಿತಿ ಇದೆ, 30 ಸೆಕೆಂಡ್. ಅಷ್ಟರಲ್ಲಿ ಮುಗಿಸದ ವರ್ಕರನ್ನು ಅದು ಕೊಂದು ಹಾಕುತ್ತದೆ. ಎರಡನ್ನೂ ಸೇರಿಸಿ ಏರಿಸಬೇಕು, ಗುನಿಕಾರ್ನ್‌ನದು ಸ್ವಲ್ಪ ಕಡಿಮೆ ಇರಲಿ. ನನ್ನ ಅಭಿಪ್ರಾಯದಲ್ಲಿ ನಿಮಿಷ ದಾಟುವ ವರದಿಯನ್ನು ಹಿನ್ನೆಲೆಯಲ್ಲಿ ತಯಾರಿಸಿ, ಆದ ಮೇಲೆ ಡೌನ್‌ಲೋಡ್ ಕೊಡುವುದೇ ಸರಿ.

ಬುಕಿಂಗ್ ಆ್ಯಪ್‌ನಲ್ಲಿ ಲೈವ್ ಚಾಟ್ ಇದ್ದರೆ ವೆಬ್‌ಸಾಕೆಟ್ (ಎರಡೂ ಕಡೆ ತೆರೆದೇ ಇರುವ ಸಂಪರ್ಕ) ಬೇಕು. ಅದರ ದಾರಿಗೆ ಬೇರೆ ಲೊಕೇಶನ್ ಮಾಡಿ. ಒಳಗೆ ಪ್ರಾಕ್ಸಿ_ಪಾಸ್ ಜೊತೆ ಪ್ರಾಕ್ಸಿ_ಎಚ್‌ಟಿಟಿಪಿ_ವರ್ಷನ್ 1.1, ಅಪ್‌ಗ್ರೇಡ್ ಹೆಡರ್‌ಗೆ $ಎಚ್‌ಟಿಟಿಪಿ_ಅಪ್‌ಗ್ರೇಡ್, ಕನೆಕ್ಷನ್ ಹೆಡರ್‌ಗೆ "ಅಪ್‌ಗ್ರೇಡ್". ಹಂತ 5ರ ಗುಂಡಿ ಸರಿಯಾಗಿ ಇಲ್ಲಿದೆ, ಇನ್‌ಕ್ಲೂಡ್ ಸಾಲು ಮರೆಯಬೇಡಿ. ಒಂದು ನಿಮಿಷ ಯಾರೂ ಮಾತಾಡದಿದ್ದರೆ ಚಾಟ್ ಕಡಿದು ಹೋಗುತ್ತಿದ್ದರೆ ಅದೇ 60 ಸೆಕೆಂಡಿನ ಮಿತಿ. ಆ್ಯಪ್‌ನಿಂದ 30 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ.

ಹಂತ 9: ಒಂದೇ ಡೊಮೈನ್‌ನ ಕೆಳಗೆ ಇಡಲೇಬೇಕಾದರೆ

ಸಬ್‌ಡೊಮೈನ್ ಬೇಡ, /ಹಾಜರಿ/ ಎಂದೇ ಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ಆಗುತ್ತದೆ, ಆದರೆ ಒಂದು ಓರೆಗೆರೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಲೊಕೇಶನ್ /ಹಾಜರಿ/ ಒಳಗೆ ಪ್ರಾಕ್ಸಿ_ಪಾಸ್‌ನ ಕೊನೆಗೆ ಓರೆಗೆರೆ ಇದ್ದರೆ, ಅಂದರೆ 127.0.0.1:8000/ ಎಂದಿದ್ದರೆ, ಯಾರಾದರೂ /ಹಾಜರಿ/ಪಟ್ಟಿ ಎಂಬ ಪುಟ ಕೇಳಿದಾಗ ಎಂಜಿನ್‌ಎಕ್ಸ್ /ಹಾಜರಿ/ ಭಾಗವನ್ನು ಕತ್ತರಿಸಿ ಆ್ಯಪ್‌ಗೆ /ಪಟ್ಟಿ ಎಂದು ಕೊಡುತ್ತದೆ. ಓರೆಗೆರೆ ಇಲ್ಲದಿದ್ದರೆ /ಹಾಜರಿ/ಪಟ್ಟಿ ಎಂದು ಪೂರ್ತಿ ಕೊಡುತ್ತದೆ. ಲೊಕೇಶನ್‌ನಲ್ಲಿ ಕೊನೆಯ ಗೆರೆ ಬಿಟ್ಟು, ಪ್ರಾಕ್ಸಿ_ಪಾಸ್‌ನಲ್ಲಿ ಇಟ್ಟರೆ ಆ್ಯಪ್‌ಗೆ //ಪಟ್ಟಿ ಎಂದು ಎರಡು ಗೆರೆ ಹೋಗಿ 404 ಬರುತ್ತದೆ.

ಇಷ್ಟು ಸರಿ ಮಾಡಿದರೂ ಆ್ಯಪ್ ಬರೆಯುವ ಲಿಂಕುಗಳು /ಸ್ಟಾಟಿಕ್/ ಎಂದೇ ಶುರುವಾಗುತ್ತವೆ. ಪುಟ ಬರುತ್ತದೆ, ಬಣ್ಣ ಚಿತ್ರ ಏನೂ ಇರುವುದಿಲ್ಲ. ಆ್ಯಪ್‌ನಲ್ಲೇ ಮೂಲ ದಾರಿ ಬದಲಿಸಬೇಕು, ಎಲ್ಲ ಆ್ಯಪ್‌ಗೂ ಆ ಸೌಲಭ್ಯ ಇರುವುದಿಲ್ಲ. ಸಬ್‌ಡೊಮೈನ್ ಒಳ್ಳೆಯದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ತೊಂದರೆ ಬಂದಾಗ ಓದುವ ಕ್ರಮ

ಎರಡನೇ ಟರ್ಮಿನಲ್‌ನಲ್ಲಿ ‘ಸುಡೋ ಟೇಲ್ -ಎಫ್ /ವರ್/ಲಾಗ್/ಎಂಜಿನ್‌ಎಕ್ಸ್/ಎರರ್.ಲಾಗ್’ ಓಡುತ್ತಿರಲಿ. ಬ್ರೌಸರ್‌ನಲ್ಲಿ ಕಾಣುವ 502 ಒಂದೇ ಆದರೂ ಲಾಗ್‌ನಲ್ಲಿ ಕಾರಣ ಬೇರೆ ಬೇರೆ ಇರುತ್ತದೆ.

‘111: ಕನೆಕ್ಷನ್ ರೆಫ್ಯೂಸ್ಡ್’ ಎಂದಿದ್ದರೆ ಆ್ಯಪ್ ಓಡುತ್ತಿಲ್ಲ ಅಥವಾ ಪೋರ್ಟ್ ಬೇರೆ. ಹಂತ 1ಕ್ಕೆ ಹೋಗಿ, ಎಂಜಿನ್‌ಎಕ್ಸ್ ಕಾನ್ಫಿಗ್ ತಿದ್ದಬೇಡಿ. ‘13: ಪರ್ಮಿಷನ್ ಡಿನೈಡ್’ ಎಂದಿದ್ದರೆ, ಆಲ್ಮಾ ಅಥವಾ ರಾಕಿ ಲಿನಕ್ಸ್‌ನಲ್ಲಿ, ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆಯುತ್ತಿದೆ. ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಎಂಬ ಅನುಮತಿಯನ್ನು ‘ಸೆಟ್‌ಸೆಬೂಲ್ -ಪಿ’ಯಿಂದ 1 ಮಾಡಿ. ಎಸ್‌ಇಲಿನಕ್ಸ್ ಅನ್ನೇ ಆರಿಸಬೇಡಿ. ‘ಅಪ್‌ಸ್ಟ್ರೀಮ್ ಪ್ರಿಮೆಚ್ಯೂರ್ಲಿ ಕ್ಲೋಸ್ಡ್’ ಎಂದಿದ್ದರೆ ಆ್ಯಪ್ ನಡುವೆ ಸತ್ತಿದೆ. ಗುನಿಕಾರ್ನ್ ಟೈಮ್‌ಔಟ್ ಇರಬಹುದು, ಮೆಮೊರಿ ಸಾಲದೆ ಇರಬಹುದು. ‘ಜರ್ನಲ್‌ಸಿಟಿಎಲ್ -ಯು’ ಮುಂದೆ ಸರ್ವಿಸ್ ಹೆಸರು ಕೊಟ್ಟು ಆ್ಯಪ್‌ನ ಲಾಗ್ ನೋಡಿ.

ಆಕ್ಸೆಸ್ ಲಾಗ್‌ನಲ್ಲಿ 499 ಕಂಡರೆ ಗಾಬರಿ ಬೇಡ. ಉತ್ತರ ಬರುವ ಮೊದಲೇ ಗ್ರಾಹಕರ ಕಡೆಯಿಂದ ಸಂಪರ್ಕ ಮುಚ್ಚಿದೆ ಎಂದರ್ಥ. ಚಾರ್ಮಾಡಿ ಘಾಟಿಯ ಕಡೆ ಸಿಗ್ನಲ್ ಹೋದರೂ ಇದೇ ಕಾಣುತ್ತದೆ. ಒಂದೇ ಪುಟಕ್ಕೆ 499 ಸಾಲು ಸಾಲಾಗಿ ಬಂದರೆ ಮಾತ್ರ ಆ ಪುಟ ನಿಧಾನವಾಗಿದೆ, ಜನ ಕಾಯಲಾರದೆ ಹೋಗುತ್ತಿದ್ದಾರೆ.

ಬ್ರೌಸರ್ ಹಳೆಯ ರೀಡೈರೆಕ್ಟ್ ನೆನಪಿಟ್ಟುಕೊಂಡು ದಾರಿ ತಪ್ಪಿಸುತ್ತದೆ. ಪ್ರತಿ ಬದಲಾವಣೆಯನ್ನೂ ಮೊದಲು ಕರ್ಲ್‌ನಲ್ಲಿ ನೋಡಿ, ಆಮೇಲೆ ಬ್ರೌಸರ್‌ನಲ್ಲಿ.

ಹಂತ 10: ಮುಗಿಯಿತು ಎನ್ನುವ ಮೊದಲು

ನಿಮ್ಮ ಫೋನನ್ನು ವೈಫೈನಿಂದ ತೆಗೆದು ಮೊಬೈಲ್ ಡೇಟಾದಲ್ಲಿ ಡೊಮೈನ್ ತೆರೆಯಿರಿ. ಆಮೇಲೆ ಅದೇ ಫೋನಿನಲ್ಲಿ ಸರ್ವರ್ ಐಪಿ ಮುಂದೆ :3000, :8000 ಹಾಕಿ ತೆರೆಯಿರಿ. ಇವು ತೆರೆಯಬಾರದು. ತೆರೆದರೆ ಹಂತ 1.

ಕೊನೆಗೆ ‘ಸುಡೋ ರೀಬೂಟ್’. ಎರಡು ನಿಮಿಷ ಬಿಟ್ಟು, ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗದೆ, ಏನೂ ಮುಟ್ಟದೆ, ಎರಡೂ ಸೈಟ್ ತೆರೆಯಿರಿ. ಎರಡೂ ಬಂದರೆ ಸರಿ. ಒಂದು 502 ಕೊಟ್ಟರೆ ಆ ಆ್ಯಪ್‌ಗೆ ‘ಎನೇಬಲ್’ ಹೊಡೆದಿಲ್ಲ, ಅಥವಾ ಡೇಟಾಬೇಸ್ ಏಳುವ ಮೊದಲೇ ಅದು ಎದ್ದು ಬಿದ್ದಿದೆ. ಹಾಸನದ ಆಫೀಸಿನಲ್ಲೇ ಮೆಷಿನ್ ಇಟ್ಟವರು ರೀಬೂಟ್ ಬದಲು ಮೇನ್ ಸ್ವಿಚ್ ಆರಿಸಿ, ರೌಟರ್ ಸಮೇತ ಎಲ್ಲವೂ ತಾನಾಗೇ ಏಳುತ್ತದಾ ಎಂದು ಜೂನ್‌ಗೆ ಮೊದಲೇ ನೋಡಿಕೊಳ್ಳಿ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಚಾಲೂ ಆಗುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಸ್ವಿಚ್ ಆರಿಸುವ ಮೊದಲು ಡೇಟಾಬೇಸ್ ಬ್ಯಾಕಪ್ ತೆಗೆದಿಟ್ಟು, ‘/ಇಟಿಸಿ/ಎಂಜಿನ್‌ಎಕ್ಸ್’ ಫೋಲ್ಡರನ್ನೂ ಅದರ ಜೊತೆ ಕಾಪಿ ಮಾಡಿ.